ಗ್ವಾರಾನಿ ಮಿಷನ್‌ಗಳು

ದಕ್ಷಿಣ ಅಮೆರಿಕದ ಪರಾನಾ ಮತ್ತು ಉರುಗ್ವೆ ನದಿಗಳ ಆಸುಪಾಸಿನಲ್ಲಿ ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳು ಸ್ಪೇನ್ ದೊರೆಯ ಆಶ್ರಯದಲ್ಲಿ 1609ರಿಂದ 1768ರವರೆಗೆ ನಡೆಸಿದ ಕ್ರೈಸ್ತ ಊರುಗಳು. ಉಚ್ಛ್ರಾಯ ಕಾಲದಲ್ಲಿ ಇಂಥ 30 ಊರುಗಳಿದ್ದವು. ಅವುಗಳ ನೆಲೆಗಳು ಈಗ ಪರಾಗ್ವೆ, ಅರ್ಜೆಂಟೀನ ಹಾಗೂ ಬ್ರೆಜಿಲ್‌ಗಳಲ್ಲಿ ಹಂಚಿಹೋಗಿವೆ. ಇವುಗಳ ಚರಿತ್ರೆ ಬಹುಕಾಲ ಪಾದ್ರಿಗಳ ಸಾಹಸಗಾಥೆಯಾಗಿಯೇ ಪ್ರಚಾರದಲ್ಲಿತ್ತು. ಆದರೆ ಈ ಊರುಗಳನ್ನು ಕಟ್ಟಿದವರೂ ಕಾದವರೂ ಅವುಗಳಿಗಾಗಿ ಪ್ರಾಣ ತೆತ್ತವರೂ ಮುಖ್ಯವಾಗಿ ಗ್ವಾರಾನಿ ಜನರೇ.

ಸ್ಥಾಪನೆ

ಎಂಕೊಮಿಯೆಂಡಾ ಎಂಬ ವ್ಯವಸ್ಥೆಯಡಿ ಸ್ಪ್ಯಾನಿಷ್ ವಲಸಿಗರು ಗ್ವಾರಾನಿಗಳನ್ನು ಬಿಟ್ಟಿ ದುಡಿಸಿಕೊಳ್ಳುತ್ತಿದ್ದರು. ಪಾದ್ರಿಗಳ ಊರಿಗೆ ಸೇರಿದವರಿಗೆ ಈ ಜೀತದಿಂದ ರಕ್ಷಣೆ ಸಿಗುತ್ತಿತ್ತು. ಅನೇಕ ಮುಖಂಡರು ತಮ್ಮ ಜನರೊಡನೆ ಅಲ್ಲಿಗೆ ಬರಲು ಇದೇ ಪ್ರಬಲ ಕಾರಣ. ಮೊದಲ ಊರು ಸಾನ್ ಇಗ್ನಾಸಿಯೊ ಗ್ವಾಸು 1609ರ ಕೊನೆಯಲ್ಲಿ ಆರಂಭವಾಯಿತು. ಮರುವರ್ಷ ಗ್ವಾಯಿರಾ ಪ್ರದೇಶದಲ್ಲಿ ಲೊರೆಟೊ ಮತ್ತು ಸಾನ್ ಇಗ್ನಾಸಿಯೊ ಮಿನಿ ತಲೆಯೆತ್ತಿದವು.

ವಲಸೆ ಮತ್ತು ಯುದ್ಧ

ಪೋರ್ಚುಗೀಸರ ಸಾವೊ ಪೌಲೊದಿಂದ ಬರುತ್ತಿದ್ದ ಬಂಡೆರಾಂಟಿ ದಂಡುಗಳು 1628ರಿಂದ ಗ್ವಾಯಿರಾದ ಊರುಗಳಿಗೆ ನುಗ್ಗಿ ಸಾವಿರಾರು ಜನರನ್ನು ಗುಲಾಮರಾಗಿ ಎಳೆದೊಯ್ದವು. 1631ರಲ್ಲಿ ಪಾದ್ರಿ ಆಂಟೋನಿಯೊ ರುಯಿಜ್ ಡಿ ಮೊಂಟೊಯಾ ಅವರ ನೇತೃತ್ವದಲ್ಲಿ ಸುಮಾರು 12,000 ಜನ 700 ತೆಪ್ಪಗಳಲ್ಲಿ ನದಿಯಿಳಿದು ದಕ್ಷಿಣಕ್ಕೆ ಹೊರಟರು. ಗ್ವಾಯಿರಾ ಜಲಪಾತದ ಬಳಿ ತೆಪ್ಪಗಳನ್ನು ಬಿಟ್ಟು, ಮಕ್ಕಳುಮರಿ, ಗಂಟುಮೂಟೆಗಳೊಂದಿಗೆ ಕಾಡಿನೊಳಗೆ ದಿನಗಟ್ಟಲೆ ನಡೆಯಬೇಕಾಯಿತು. ಹಸಿವು, ರೋಗಗಳಿಗೆ ಬಹಳಷ್ಟು ಜನ ದಾರಿಯಲ್ಲೇ ಬಲಿಯಾದರು. ಮೊಂಟೊಯಾ ಮುಂದೆ ಮ್ಯಾಡ್ರಿಡ್‌ಗೆ ಹೋಗಿ, ಗ್ವಾರಾನಿಗಳು ಬಂದೂಕು ಹಿಡಿಯಲು ಅನುಮತಿ ಕೊಡಬೇಕೆಂದು ವಾದಿಸಿದರು. 1641ರಲ್ಲಿ ಎಂಬೊರೊರೆ ಕದನದಲ್ಲಿ ಗ್ವಾರಾನಿ ಪಡೆ ದಾಳಿಕೋರರನ್ನು ಸೋಲಿಸಿತು.

ಜನಜೀವನ

ನಡುವೆ ದೊಡ್ಡ ಚೌಕ, ಒಂದು ಬದಿಗೆ ಚರ್ಚು, ಶಾಲೆ ಮತ್ತು ಕಮ್ಮಟಗಳು, ಉಳಿದ ಮೂರು ಬದಿಗೆ ಸಾಲುಮನೆಗಳು: ಇದು ಊರಿನ ವಿನ್ಯಾಸ. ಕುಟುಂಬದ ಹೊಲಕ್ಕೆ ಅಬಂಬಾಯೆ, ಸಮುದಾಯದ ಹೊಲಕ್ಕೆ ತುಪಂಬಾಯೆ ಎನ್ನುತ್ತಿದ್ದರು. ಮಾಟೆ ಎಲೆ, ಹತ್ತಿ ಮತ್ತು ದನಸಾಕಣೆ ಮುಖ್ಯ ಆದಾಯ. ಗ್ವಾರಾನಿ ಮುಖಂಡರ ಪಂಚಾಯಿತಿ ಆಡಳಿತ ನೋಡಿಕೊಂಡರೂ ಕೊನೆಯ ಮಾತು ಪಾದ್ರಿಯದೇ. ಬಹುಪತ್ನಿತ್ವ ಮತ್ತು ಹಳೆಯ ಆಚರಣೆಗಳನ್ನು ನಿಷೇಧಿಸಲಾಗಿತ್ತು. ತಪ್ಪಿಗೆ ಚಾಟಿಯೇಟಿನ ಶಿಕ್ಷೆಯೂ ಇತ್ತು. ಜೀತದಿಂದ ಪಾರಾದವರು ತಮ್ಮ ಬದುಕಿನ ಕ್ರಮವನ್ನು ಬೇರೊಬ್ಬರ ಕೈಗೆ ಒಪ್ಪಿಸಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಒಂದೆಡೆ ವಾಸಿಸುವ ಜನರಲ್ಲಿ ಸಿಡುಬು, ದಡಾರಗಳೂ ಬೇಗ ಹರಡಿದವು: 1732ರಲ್ಲಿ ಸುಮಾರು 1.4 ಲಕ್ಷವಿದ್ದ ಜನಸಂಖ್ಯೆ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಬೋಧನೆ, ವ್ಯವಹಾರ ಎಲ್ಲವೂ ಗ್ವಾರಾನಿ ಭಾಷೆಯಲ್ಲೇ ನಡೆಯುತ್ತಿತ್ತು. 18ನೆಯ ಶತಮಾನದ ಆರಂಭದಲ್ಲಿ ಮಿಷನ್‌ಗಳಲ್ಲೇ ಮುದ್ರಣಾಲಯ ಶುರುವಾಯಿತು. ಗ್ವಾರಾನಿ ಲೇಖಕ ನಿಕೊಲಾಸ್ ಯಾಪುಗ್ವಾಯ್ ಅವರ ಕೃತಿಗಳು 1724 ಮತ್ತು 1727ರಲ್ಲಿ ಅಚ್ಚಾದವು.

ಅವನತಿ

1750ರ ಮ್ಯಾಡ್ರಿಡ್ ಒಪ್ಪಂದ ಉರುಗ್ವೆ ನದಿಯ ಪೂರ್ವದ ಏಳು ಊರುಗಳನ್ನು ಪೋರ್ಚುಗಲ್‌ಗೆ ಬಿಟ್ಟುಕೊಟ್ಟಿತು. ಒಕ್ಕಲೇಳಲೊಪ್ಪದ ಗ್ವಾರಾನಿಗಳು ಬಂಡೆದ್ದರು. 1756ರ ಫೆಬ್ರವರಿಯಲ್ಲಿ ನಾಯಕ ಸೆಪೆ ತಿಯಾರಾಜು ಹತನಾದ. ಮೂರು ದಿನಗಳ ಬಳಿಕ ಕೈಬೊಆಟೆಯಲ್ಲಿ ಎರಡೂ ಸಾಮ್ರಾಜ್ಯಗಳ ಜಂಟಿ ಸೇನೆ ಸುಮಾರು 1,500 ಗ್ವಾರಾನಿಗಳನ್ನು ಕೊಂದಿತು. ಐದೇ ವರ್ಷಗಳಲ್ಲಿ, 1761ರಲ್ಲಿ, ಆ ಒಪ್ಪಂದವೇ ರದ್ದಾಯಿತು. 1767ರಲ್ಲಿ ದೊರೆ ಮೂರನೆಯ ಕಾರ್ಲೋಸ್ ಯೇಸುಸಭೆಯನ್ನು ತನ್ನ ರಾಜ್ಯಗಳಿಂದ ಗಡಿಪಾರು ಮಾಡಿದ. ಮರುವರ್ಷ ಪಾದ್ರಿಗಳು ಮಿಷನ್‌ಗಳನ್ನು ತೊರೆದರು. ಹೊಸ ಆಡಳಿತದಲ್ಲಿ ಊರುಗಳು ಕ್ರಮೇಣ ಬರಿದಾದವು.

ಪರಂಪರೆ

ಅರ್ಜೆಂಟೀನದ ಸಾನ್ ಇಗ್ನಾಸಿಯೊ ಮಿನಿ, ಬ್ರೆಜಿಲ್‌ನ ಸಾವೊ ಮಿಗೆಲ್, ಪರಾಗ್ವೆಯ ಟ್ರಿನಿಡಾಡ್ ಮುಂತಾದ ಅವಶೇಷಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಟ್ರಿನಿಡಾಡ್ ಚರ್ಚಿನ ಗೋಡೆಯ ಮೇಲ್ಪಟ್ಟಿಯಲ್ಲಿ ಪಿಟೀಲು, ಹಾರ್ಪ್ ನುಡಿಸುವ ದೇವದೂತರ ಉಬ್ಬುಶಿಲ್ಪಗಳನ್ನು ಇಂದಿಗೂ ಕಾಣಬಹುದು. 1992ರ ಸಂವಿಧಾನ ಗ್ವಾರಾನಿಯನ್ನು ಸ್ಪ್ಯಾನಿಷ್ ಜೊತೆಗೆ ಪರಾಗ್ವೆಯ ಅಧಿಕೃತ ಭಾಷೆಯಾಗಿಸಿದ್ದು, ದೇಶದ ಬಹುಪಾಲು ಜನ ಅದನ್ನು ಬಲ್ಲರು.