ಕೀನ್ಯದ ಬ್ರಿಟಿಷ್ ಕುಲೀನ ಮನೆತನಗಳು

ಪೂರ್ವ ಆಫ್ರಿಕದ ಕೀನ್ಯದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಿಂದ 1963ರ ಸ್ವಾತಂತ್ರ್ಯದವರೆಗೆ, ಬ್ರಿಟನ್ನಿನ ಬಿರುದಾಂಕಿತ ಮನೆತನಗಳಿಗೆ ಸೇರಿದ ಅನೇಕರು ವಿಶಾಲವಾದ ಜಮೀನುಗಳನ್ನು ಪಡೆದು ನೆಲಸಿದ್ದರು. ಬಿಳಿಯ ವಲಸೆಗಾರರಲ್ಲಿ ಇವರ ಸಂಖ್ಯೆ ಅಲ್ಪವಾದರೂ, ಆ ದೇಶದ ಭೂನೀತಿ, ಶಾಸನಸಭೆ ಮತ್ತು ಸಾಮಾಜಿಕ ಜೀವನಗಳ ಮೇಲೆ ಇವರು ಬೀರಿದ ಪ್ರಭಾವ ಅನಲ್ಪವಾದುದು. ಇವರ ಸಾಹಸ, ವಿಲಾಸ ಮತ್ತು ಪ್ರಣಯಪ್ರಸಂಗಗಳನ್ನು ಕುರಿತು ಹುಟ್ಟಿದ ಸಾಹಿತ್ಯ ವಿಪುಲವಾಗಿದೆ. ಆದರೆ ಆ ಬಾಳನ್ನು ಸಾಧ್ಯವಾಗಿಸಿದುದು ಭೂಮಿ, ತೆರಿಗೆ ಮತ್ತು ದುಡಿಮೆಗಳನ್ನು ಕುರಿತ ಶಾಸನಗಳ ಒಂದು ವ್ಯವಸ್ಥೆಯೆಂಬುದನ್ನು ಗಮನಿಸದೆ ಈ ಮನೆತನಗಳ ಇತಿಹಾಸವನ್ನು ಅರಿಯಲಾಗದು.

ಹಿನ್ನೆಲೆ

1895ರಲ್ಲಿ ಬ್ರಿಟನ್ ಈ ಪ್ರದೇಶವನ್ನು ತನ್ನ ರಕ್ಷಿತ ರಾಜ್ಯವೆಂದು ಘೋಷಿಸಿತು. ಮರುವರ್ಷ ಮೊಂಬಾಸಾ ಬಂದರಿನಲ್ಲಿ ಆರಂಭವಾದ ರೈಲುಮಾರ್ಗ 1901ರ ಅಂತ್ಯಕ್ಕೆ ವಿಕ್ಟೋರಿಯ ಸರೋವರವನ್ನು ಮುಟ್ಟಿತು. ಅದನ್ನು ಹಾಸಲೆಂದು ಭಾರತದಿಂದ ಸುಮಾರು 32,000 ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಅಸುನೀಗಿದರು. ಈ ಮಾರ್ಗಕ್ಕೆ ತಗುಲಿದ ಅಪಾರ ವೆಚ್ಚವನ್ನು ಭರಿಸಬೇಕಾದರೆ ಸರಕು ಬೇಕು, ಸರಕಿಗೆ ಬೇಸಾಯ ಬೇಕು, ಬೇಸಾಯಕ್ಕೆ ಬಿಳಿಯರೇ ಬರಬೇಕು ಎಂದು ಬಗೆದ ಕಮಿಷನರ್ ಸರ್ ಚಾರ್ಲ್ಸ್ ಎಲಿಯಟ್ ವಲಸೆಗೆ ಮುಕ್ತಹಸ್ತದಿಂದ ಪ್ರೋತ್ಸಾಹವಿತ್ತನು.

ಆ ವೇಳೆಗೆ ಎತ್ತರದ ಪ್ರಸ್ಥಭೂಮಿಯ ಹಲವು ಭಾಗಗಳು ನಿರ್ಜನವಾಗಿ ತೋರುತ್ತಿದ್ದುದೇನೋ ನಿಜ. ಆದರೆ 1890ರ ದಶಕದಲ್ಲಿ ದನಗಳನ್ನು ಕೆಡವಿದ ದೊಡ್ಡರೋಗ, ಅದರ ಹಿಂದೆಯೇ ಬಂದೆರಗಿದ ಸಿಡುಬು ಮತ್ತು ಕ್ಷಾಮಗಳಿಂದ ಮಾಸಾಯಿ ಮತ್ತು ಕಿಕುಯು ಜನ ಹಿಮ್ಮೆಟ್ಟಿದ್ದರೇ ಹೊರತು, ಆ ನೆಲ ಎಂದೂ ಒಡೆಯರಿಲ್ಲದ ನೆಲವಾಗಿರಲಿಲ್ಲ. ಅತ್ತ ಇಂಗ್ಲೆಂಡಿನಲ್ಲಿ ಹೊರದೇಶದ ಅಗ್ಗದ ಧಾನ್ಯದಿಂದಾಗಿ ಜಮೀನಿನ ಆದಾಯ ಕುಗ್ಗಿತ್ತು. ಬಿರುದೂ ಆಸ್ತಿಯೂ ಜ್ಯೇಷ್ಠಪುತ್ರನಿಗೇ ಸಲ್ಲುವ ಪದ್ಧತಿಯಿಂದ ಕಿರಿಯ ಪುತ್ರರು ಬೇರೆ ಆಸರೆಯನ್ನು ಅರಸಬೇಕಾಗಿತ್ತು. ತಾಯ್ನಾಡಿನಲ್ಲಿ ಕ್ಷೀಣಿಸುತ್ತಿದ್ದ ಜಮೀನ್ದಾರಿಕೆಯನ್ನು ಹೊಸ ನೆಲದಲ್ಲಿ ಮತ್ತೆ ಕಟ್ಟಿಕೊಳ್ಳುವ ಆಸೆಯೇ ಇವರನ್ನು ಇತ್ತ ಸೆಳೆಯಿತು.

ಡೆಲಮೀರ್ ಮತ್ತು ಆರಂಭದ ವಲಸೆಗಾರರು

ಇವರಲ್ಲಿ ಅಗ್ರಗಣ್ಯನಾದವನು ಚೆಷೈರಿನ ಹ್ಯೂ ಚಮ್ಲಿ, ಮೂರನೆಯ ಬ್ಯಾರನ್ ಡೆಲಮೀರ್ (1870-1931). ಬೇಟೆಗಾಗಿ ಸೋಮಾಲಿ ಮರುಭೂಮಿಯನ್ನು ದಾಟಿ 1897ರಲ್ಲಿ ಈ ಪ್ರಸ್ಥಭೂಮಿಯನ್ನು ಕಂಡ ಈತ, 1903ರಲ್ಲಿ ಇಲ್ಲಿಯೇ ನೆಲಸಿ, ಎನ್‌ಜೋರೊ ಬಳಿ ಒಂದು ಲಕ್ಷ ಎಕರೆ ಭೂಮಿಯನ್ನು 99 ವರ್ಷಗಳ ಗುತ್ತಿಗೆಗೆ ಪಡೆದನು. ಎನಿಸ್ಕಿಲನ್ನಿನ ಅರ್ಲನ ಪುತ್ರಿಯಾದ ಆತನ ಪತ್ನಿ ಫ್ಲಾರೆನ್ಸ್, ಇಂಗ್ಲೆಂಡಿನ ಅರಮನೆಯಂಥ ಮನೆಯನ್ನು ಬಿಟ್ಟು ಬಂದು, ಹುಲ್ಲು ಹೊದಿಸಿದ ಮಣ್ಣಿನ ಗುಡಿಸಲುಗಳಲ್ಲಿ ಸಂಸಾರ ಹೂಡಿದಳು.

ಡೆಲಮೀರನ ಪ್ರಯೋಗಗಳ ಕಥೆ ಸೋಲುಗಳ ಸರಮಾಲೆಯೆಂದೇ ಹೇಳಬೇಕು. ಹೊರದೇಶದಿಂದ ಕುರಿಗಳನ್ನು ತರಿಸಿ ನಾಡಕುರಿಗಳೊಡನೆ ತಳಿ ಬೆರೆಸಿದನು. ಆದರೆ ಎನ್‌ಜೋರೊವಿನ ಮಣ್ಣಿನಲ್ಲಿ ಅಗತ್ಯ ಖನಿಜಾಂಶದ ಕೊರತೆಯಿದ್ದುದರಿಂದ, ಕಣ್ಣಿಗೆ ಸಮೃದ್ಧವಾಗಿ ಕಾಣುವ ಹುಲ್ಲನ್ನು ಮೇಯುತ್ತಲೇ ಮಂದೆಗಳು ಸೊರಗಿ ಸತ್ತವು. ಮಾಸಾಯಿಗಳು ಆ ಹುಲ್ಲುಗಾವಲಿಗೆ ತಮ್ಮ ದನಗಳನ್ನು ಹೊಡೆಯದಿದ್ದುದರ ಮರ್ಮ ಆತನಿಗೆ ತಿಳಿದುದು ಕೈ ಸುಟ್ಟುಕೊಂಡ ಮೇಲೆ. ಆನಂತರ ಗೋದಿಯನ್ನು ಬಿತ್ತಿದನು; ಅದಕ್ಕೆ ಕುಂಕುಮರೋಗ ತಗುಲಿತು. ರೋಗವನ್ನು ತಡೆಯಬಲ್ಲ ತಳಿಗಾಗಿ ಸ್ವಂತ ಹಣದಿಂದ ತಜ್ಞನನ್ನು ನೇಮಿಸಿ ಸಂಶೋಧನೆ ನಡೆಸಿದನು. 1908ರಲ್ಲಿ ಉಂಗಾ ಎಂಬ ಹಿಟ್ಟಿನ ಗಿರಣಿಯ ಕಂಪನಿ ಸ್ಥಾಪಿತವಾದುದೂ ಆತನ ಪ್ರಯತ್ನದಿಂದಲೇ. ಇದಕ್ಕೆಲ್ಲ ಬೇಕಾದ ಹಣಕ್ಕಾಗಿ ಚೆಷೈರಿನ ಪಿತ್ರಾರ್ಜಿತ ಆಸ್ತಿಯ ಮೇಲೆ ಸಾಲ ಬೆಳೆಯಿತು. ಕೀನ್ಯದ ಗೋದಿ ಮತ್ತು ಹೈನುಗಾರಿಕೆಗಳು ಈ ಹಟಕ್ಕೆ ಋಣಿಯಾಗಿವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಮಾಸಾಯಿಗಳ ಭಾಷೆಯನ್ನು ಕಲಿತು, ಅವರನ್ನು ಮನಸಾರೆ ಮೆಚ್ಚಿದ್ದ ಇದೇ ವ್ಯಕ್ತಿ ಅವರ ಮೇವುನೆಲವನ್ನು ಬಿಳಿಯರಿಗೇ ಮೀಸಲಿಡಬೇಕೆಂದು ಕಡೆಯವರೆಗೂ ಹೋರಾಡಿದನು.

ಫ್ಲಾರೆನ್ಸಳ ಸೋದರರಾದ ಬರ್ಕ್ಲಿ ಕೋಲ್ ಮತ್ತು ಗಾಲ್ಬ್ರೇತ್ ಕೋಲ್ ಕೂಡ ಇಲ್ಲಿ ಜಮೀನು ಮಾಡಿದರು. ಕುರಿ ಕದ್ದನೆಂಬ ಶಂಕೆಯಿಂದ ಗಾಲ್ಬ್ರೇತ್ ಒಬ್ಬ ಆಫ್ರಿಕನನನ್ನು ಗುಂಡಿಟ್ಟು ಕೊಂದಾಗ ಬಿಳಿಯ ಜ್ಯೂರಿ ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು; ಸರ್ಕಾರವೇ 1911ರಲ್ಲಿ ಆತನನ್ನು ಗಡೀಪಾರು ಮಾಡಬೇಕಾಯಿತು. ಮೊದಲನೆಯ ಮಹಾಯುದ್ಧದ ತರುವಾಯ ಬಂದವರಲ್ಲಿ ಬಕ್ಲೂ ಡ್ಯೂಕನ ಪುತ್ರ ಲಾರ್ಡ್ ಫ್ರಾನ್ಸಿಸ್ ಸ್ಕಾಟ್ ಪ್ರಮುಖನು.

ಭೂಮಿ ಮತ್ತು ದುಡಿಮೆ

1902ರ ಶಾಸನ 99 ವರ್ಷಗಳ ಗುತ್ತಿಗೆಗೆ ಅವಕಾಶವಿತ್ತರೆ, 1915ರ ಶಾಸನ ಆ ಅವಧಿಯನ್ನು 999 ವರ್ಷಗಳಿಗೆ ಏರಿಸಿತು. ರಿಫ್ಟ್ ಕಣಿವೆಯಿಂದ ಮಾಸಾಯಿಗಳನ್ನು ಎಬ್ಬಿಸಿದ 1904ರ ಒಪ್ಪಂದ, ಅವರ ಕುಲ ಇರುವವರೆಗೂ ಹೊಸ ನೆಲೆ ಅವರದೇ ಎಂದು ವಚನವಿತ್ತಿತು. ಏಳೇ ವರ್ಷಗಳಲ್ಲಿ ಮತ್ತೊಂದು ಒಪ್ಪಂದವಾಗಿ, ಅವರು ಆ ಹೊಸ ನೆಲೆಯ ಲೈಕಿಪಿಯವನ್ನೂ ತೆರವು ಮಾಡಬೇಕಾಯಿತು. ಇದರ ವಿರುದ್ಧ ಮಾಸಾಯಿಗಳು 1913ರಲ್ಲಿ ನ್ಯಾಯಾಲಯದ ಮೆಟ್ಟಲನ್ನೇರಿದಾಗ, ಇದು ಎರಡು ರಾಜ್ಯಗಳ ನಡುವಣ ಕೌಲಾದುದರಿಂದ ವಿಚಾರಣೆಗೆ ತನಗೆ ಅಧಿಕಾರವಿಲ್ಲವೆಂದು ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಭೂಮಿಯನ್ನು ಕಳೆದುಕೊಳ್ಳುವಾಗ ಪ್ರಜೆಗಳಾಗಿದ್ದವರು ನ್ಯಾಯ ಕೇಳಲು ಬಂದಾಗ ಪರರಾಜ್ಯದವರಾದರು!

ನೆಲವಿದ್ದರೆ ಸಾಲದು, ದುಡಿಯುವ ಕೈಗಳೂ ಬೇಕಷ್ಟೆ. ಗುಡಿಸಲು ತೆರಿಗೆಯನ್ನು ನಾಣ್ಯರೂಪದಲ್ಲಿ ತೆರಬೇಕಾದ ಆಫ್ರಿಕನರು ಬಿಳಿಯರ ಜಮೀನುಗಳಲ್ಲಿ ಕೂಲಿಗೆ ನಿಲ್ಲುವುದು ಅನಿವಾರ್ಯವಾಯಿತು. 1920ರಿಂದ ಹದಿನಾರು ವರ್ಷ ದಾಟಿದ ಪ್ರತಿಯೊಬ್ಬ ಆಫ್ರಿಕನ್ ಗಂಡಸೂ ಕಿಪಾಂಡೆ ಎಂಬ ಗುರುತುಪತ್ರವನ್ನು ಹೊತ್ತು ತಿರುಗಬೇಕಾಯಿತು. ಹೆಸರು, ಕುಲ, ಬೆರಳಚ್ಚು, ಧಣಿಯ ಹೆಸರು, ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ದಿನಾಂಕಗಳು, ಕೂಲಿಯ ಮೊತ್ತ, ಇಷ್ಟನ್ನೂ ಬರೆದ ಆ ಕಾಗದವನ್ನು ಲೋಹದ ಚಿಕ್ಕ ಕರಡಿಗೆಯಲ್ಲಿ ಮಡಿಸಿಟ್ಟು ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಧಣಿ ಸಹಿ ಮಾಡಿ ಬಿಡುಗಡೆ ಕೊಡದೆ ಬೇರೆಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ವಲಸೆಗಾರರಿಗೆ ಅದು ಆಡಳಿತದ ಸಾಧನ. ತೊಟ್ಟವರಿಗೆ ಅದು ದಾಸ್ಯದ ಚಿಹ್ನೆ.

ಸಾಮಾಜಿಕ ಜೀವನ

1904ರಲ್ಲಿ ತೆರೆದ ನೈರೋಬಿಯ ನಾರ್ಫೋಕ್ ಹೋಟೆಲು, 1913ರ ಕೊನೆಯ ದಿನ ತೆರೆದ ಮುತೈಗಾ ಕ್ಲಬ್ಬು, ಇವೆರಡೂ ಈ ವರ್ಗದ ಕೂಟಸ್ಥಾನಗಳಾಗಿದ್ದವು. ಕುದುರೆ ಜೂಜು, ಪೋಲೋ, ಬೇಟೆ, ಇರುಳಿಡೀ ನಡೆಯುವ ಔತಣಗಳು ದಿನಚರ್ಯೆಯ ಅಂಗಗಳಾಗಿದ್ದವು. ವಿಂಚಿಲ್ಸೀ ಅರ್ಲನ ಎರಡನೆಯ ಮಗ ಡೆನಿಸ್ ಫಿಂಚ್ ಹ್ಯಾಟನ್ 1911ರಲ್ಲಿ ಬಂದು, ಬೇಟೆಗಾರನಾಗಿ ಹೆಸರಾಗಿ, 1931ರ ಮೇ ತಿಂಗಳಿನಲ್ಲಿ ವೋಯ್ ಬಳಿ ವಿಮಾನಾಪಘಾತದಲ್ಲಿ ಮಡಿದನು. ಆತನ ಸ್ನೇಹವನ್ನೂ ತನ್ನ ಕಾಫಿ ತೋಟದ ಬಾಳನ್ನೂ ಡೇನಿಷ್ ಲೇಖಕಿ ಕರೆನ್ ಬ್ಲಿಕ್ಸೆನ್ 1937ರಲ್ಲಿ ಪ್ರಕಟವಾದ 'ಔಟ್ ಆಫ್ ಆಫ್ರಿಕ'ದಲ್ಲಿ ಚಿತ್ರಿಸಿರುವಳು.

ಅಬರ್‌ಡೇರ್ ಪರ್ವತದ ಮಗ್ಗುಲಿನ ವಾಂಜೊಹಿ ಕಣಿವೆಯಲ್ಲಿ 1920ರ ದಶಕದಲ್ಲಿ ನೆಲಸಿದ ಒಂದು ಚಿಕ್ಕ ಗುಂಪು 'ಹ್ಯಾಪಿ ವ್ಯಾಲಿ' ಎಂಬ ಹೆಸರಿನಿಂದ ಕುಪ್ರಸಿದ್ಧವಾಯಿತು. ಡೆ ಲಾ ವಾರ್ ಅರ್ಲನ ಪುತ್ರಿ ಇಡೀನಾ ಸ್ಯಾಕ್‌ವಿಲ್ ಮತ್ತು ಆಕೆಯ ಮೂರನೆಯ ಪತಿ ಜೋಸ್ಲಿನ್ ಹೇ ಇದರ ಕೇಂದ್ರವ್ಯಕ್ತಿಗಳು. 1928ರಲ್ಲಿ ಎರಲ್ಲಿನ ಅರ್ಲ್ ಪದವಿಗೆ ಬಂದ ಹೇ, 1941ರ ಜನವರಿ 24ರ ಮುಂಜಾವಿನಲ್ಲಿ ನೈರೋಬಿಯ ಹೊರವಲಯದಲ್ಲಿ ತನ್ನ ಕಾರಿನೊಳಗೆ ಗುಂಡೇಟಿನಿಂದ ಸತ್ತುಬಿದ್ದುದು ಕಂಡುಬಂದಿತು. ಆತನೊಡನೆ ತನ್ನ ನವವಧುವಿಗಿದ್ದ ಪ್ರಣಯದ ಕಾರಣ ಕೊಲೆಗೈದನೆಂಬ ಆಪಾದನೆಗೆ ಗುರಿಯಾದ ಸರ್ ಜಾಕ್ ಡೆಲ್ವ್ಸ್ ಬ್ರಾಟನ್ ಅದೇ ವರ್ಷ ಜುಲೈನಲ್ಲಿ ಖುಲಾಸೆಗೊಂಡನು. ಯುದ್ಧದ ಸಂಕಷ್ಟದಲ್ಲಿದ್ದ ಬ್ರಿಟನ್ನಿನ ಜನರ ಕಣ್ಣಿನಲ್ಲಿ ಈ ವಿಚಾರಣೆ ಇಡೀ ವರ್ಗಕ್ಕೆ ಕಳಂಕವನ್ನು ತಂದಿತು. ಆದರೆ ಬಹುಪಾಲು ವಲಸೆಗಾರರು ಸಾಲ, ಮಿಡತೆ ಮತ್ತು ಅನಾವೃಷ್ಟಿಗಳೊಡನೆ ಹೆಣಗುತ್ತಿದ್ದ ಸಾಮಾನ್ಯ ಬೇಸಾಯಗಾರರೆಂಬುದನ್ನು ಮರೆಯಬಾರದು.

ರಾಜಕೀಯ

1907ರಲ್ಲಿ ಸ್ಥಾಪಿತವಾದ ಶಾಸನಸಭೆಯಲ್ಲಿ ಆರಂಭದಿಂದಲೂ ಡೆಲಮೀರನದೇ ಪ್ರಬಲವಾದ ಧ್ವನಿ. ರೈಲುಮಾರ್ಗ ಹಾಸಿದ ದೇಶದಿಂದ ಬಂದ ಭಾರತೀಯರಿಗೆ ಎತ್ತರದ ನಾಡಿನಲ್ಲಿ ಸರ್ಕಾರ ಭೂಮಿ ಕೊಡುವಂತಿಲ್ಲವೆಂಬ ನೀತಿ 1906-08ರ ಅವಧಿಯಲ್ಲಿ ನೆಲೆಗೊಂಡಿತು. ಸಮಾನ ಮತಾಧಿಕಾರಕ್ಕಾಗಿ ಭಾರತೀಯರು ಹೋರಾಡಿದಾಗ, ಅವರ ಪರವಾಗಿ ವಾದಿಸಲು ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಲಂಡನ್ನಿಗೆ ತೆರಳಿದರು. ಇತ್ತ ವಲಸೆಗಾರರು ಗವರ್ನರನನ್ನೇ ಸೆರೆಹಿಡಿಯುವ ಸಂಚು ಹೂಡಿದ್ದರು. 1923ರ ಡೆವನ್‌ಷೈರ್ ಶ್ವೇತಪತ್ರ, ಆಫ್ರಿಕನರ ಹಿತವೇ ಪರಮವೆಂದು ಸಾರಿ ಇಬ್ಬರ ಬೇಡಿಕೆಗಳನ್ನೂ ಪಕ್ಕಕ್ಕಿಟ್ಟಿತಾದರೂ, ಎತ್ತರದ ನಾಡಿನ ಮೀಸಲನ್ನು ಮಾತ್ರ ಮುಟ್ಟಲಿಲ್ಲ. ಅದರ ಹಿಂದಿನ ವರ್ಷವೇ, ಕಿಪಾಂಡೆ ಮತ್ತು ತೆರಿಗೆಗಳ ವಿರುದ್ಧ ಜನರನ್ನು ಸಂಘಟಿಸಿದ ಹ್ಯಾರಿ ತುಕುವಿನ ಬಂಧನವನ್ನು ಪ್ರತಿಭಟಿಸಿ ನೆರೆದವರ ಮೇಲೆ ನಾರ್ಫೋಕ್ ಹೋಟೆಲಿನ ಸಮೀಪದಲ್ಲಿ ಗೋಲಿಬಾರಾಗಿ, ಸರ್ಕಾರಿ ಲೆಕ್ಕದಂತೆಯೇ 21 ಮಂದಿ ಸತ್ತಿದ್ದರು.

ಅವಸಾನ ಮತ್ತು ಪರಿಣಾಮ

ನೆಲ ಕಳೆದುಕೊಂಡ ಕಿಕುಯು ಜನರ ಭೂಮಿಯ ಹಸಿವು 1952ರಲ್ಲಿ ಮೌ ಮೌ ದಂಗೆಯಾಗಿ ಸ್ಫೋಟಿಸಿತು. ಕ್ರೋಮರ್ ಅರ್ಲನ ಪುತ್ರನಾದ ಗವರ್ನರ್ ಸರ್ ಎವೆಲಿನ್ ಬೇರಿಂಗ್ ಅಕ್ಟೋಬರ್ 20ರಂದು ತುರ್ತುಪರಿಸ್ಥಿತಿಯನ್ನು ಘೋಷಿಸಿದನು. ದಂಗೆಯಲ್ಲಿ ಹತರಾದ ಬಿಳಿಯ ವಲಸೆಗಾರರು 32 ಮಂದಿ. ಗಲ್ಲಿಗೇರಿದ ಆಫ್ರಿಕನರು ಸಾವಿರಕ್ಕೂ ಮಿಕ್ಕು. ಬಂಧನ ಶಿಬಿರಗಳಲ್ಲಿ ಚಿತ್ರಹಿಂಸೆಗೆ ಒಳಗಾದವರಿಗೆ ಬ್ರಿಟಿಷ್ ಸರ್ಕಾರ ವಿಷಾದ ಸೂಚಿಸಿ, 5,228 ಮಂದಿಗೆ ಪರಿಹಾರವನ್ನು ಒಪ್ಪಿಕೊಂಡುದು 2013ರಲ್ಲಿ.

1963ರ ಡಿಸೆಂಬರ್ 12ರಂದು ಕೀನ್ಯ ಸ್ವತಂತ್ರವಾಯಿತು. ನೈರೋಬಿಯ ಡೆಲಮೀರ್ ರಸ್ತೆ ಹೊಸ ನಾಯಕ ಕೆನ್ಯಾಟನ ಹೆಸರಿನ ರಸ್ತೆಯಾಯಿತು. ಡೆಲಮೀರನ ಪ್ರತಿಮೆಯನ್ನು ತೆರವು ಮಾಡಿದರು. ಅನೇಕ ಮನೆತನಗಳು ಜಮೀನನ್ನು ಮಾರಿ ಹೊರಟವು. ಡೆಲಮೀರ್ ಮನೆತನ ಪೌರತ್ವ ಪಡೆದು ತನ್ನ ಸೋಯ್ಸಾಂಬು ಜಮೀನಿನಲ್ಲಿ ಉಳಿಯಿತು. 1962ರಲ್ಲಿ ಆರಂಭವಾದ ಹತ್ತು ಲಕ್ಷ ಎಕರೆಗಳ ಯೋಜನೆಯಂತೆ, ಬಿಳಿಯರ ಜಮೀನುಗಳನ್ನು ಕ್ರಯಕ್ಕೆ ಕೊಂಡು ಸಣ್ಣ ಹಿಡುವಳಿಗಳಾಗಿ ಹಂಚಲಾಯಿತು. ಆ ಕ್ರಯವನ್ನು ಹೊಸ ಹಿಡುವಳಿದಾರರೇ ಸಾಲದ ಕಂತುಗಳಾಗಿ ತೀರಿಸಬೇಕಾಗಿತ್ತು. ಪೂರ್ವಿಕರಿಂದ ಬಲದಿಂದ ಕಿತ್ತುಕೊಂಡ ನೆಲಕ್ಕೆ ಮೊಮ್ಮಕ್ಕಳು ಬೆಲೆ ತೆತ್ತರು. ಈ ಮನೆತನಗಳ ಸಾಹಸವನ್ನೂ ವಿಲಾಸವನ್ನೂ ಅಳೆಯುವವರು ಈ ಲೆಕ್ಕವನ್ನೂ ಕೂಡಿಸಿಯೇ ಅಳೆಯಬೇಕು.