ಸೀಟ್ ಬೆಲ್ಟಿನ ಇಂಚಿನ ಬೋಲ್ಟು

ಇವತ್ತಿನ ಕಥೆ ಒಂದು ಬೋಲ್ಟಿನದ್ದು. ಮೂರು ಕಡೆ ಹಿಡಿಯೋ ಸೀಟ್ ಬೆಲ್ಟನ್ನ 1959ರಲ್ಲಿ ವೋಲ್ವೋ ಕಾರಿಗೆ ತಂದವರು ಸ್ವೀಡನ್ನಿನ ನಿಲ್ಸ್ ಬೋಲಿನ್. ಅದಕ್ಕೂ ಮುಂಚೆ ಸಾಬ್ ಕಂಪನಿಯಲ್ಲಿ, ಪೈಲಟ್‌ನ ವಿಮಾನದಿಂದ ಹೊರಗೆ ಚಿಮ್ಮಿಸೋ ಸೀಟಿನ ಕೆಲಸ ಮಾಡ್ತಿದ್ರು. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಇದನ್ನ ನೀವು ಕೇಳಿರ್ತೀರಿ. ಬೆಲ್ಟನ್ನ ಕಾರಿನ ಬಾಡಿಗೆ ಹಿಡಿದಿಡೋ ಬೋಲ್ಟಿನ ಸುದ್ದಿ ಮಾತ್ರ ಯಾರೂ ಎತ್ತಲ್ಲ.

1960ರ ದಶಕದ ಅಮೆರಿಕದ ನಿಯಮದಲ್ಲಿ ಅದರ ಅಳತೆ ಬಂತು: 7/16 ಇಂಚು ದಪ್ಪ, ಇಂಚಿಗೆ 20 ಥ್ರೆಡ್. ವಿಶ್ವಸಂಸ್ಥೆಯ 14ನೇ ವಾಹನ ನಿಯಮದಲ್ಲೂ ಅದೇ. ಹಾಗಾಗಿ ಮಿಕ್ಕೆಲ್ಲ ಮಿಲಿಮೀಟರಿನಲ್ಲಿರೋ ಎಷ್ಟೋ ಕಾರುಗಳಲ್ಲಿ ಇದೊಂದು ಇಂಚಿನಲ್ಲೇ ಉಳಿದಿದೆ. ಇತಿಹಾಸಕ್ಕೂ ಹಠ ಇರುತ್ತೆ ಅನ್ಸುತ್ತೆ ನನಗೆ.

ಎಡವೋದೂ ಇಲ್ಲೇ. 7/16 ಇಂಚು ಅಂದ್ರೆ 11.1 ಮಿ.ಮೀ. 12 ಮಿ.ಮೀ. ಬೋಲ್ಟು ಕಣ್ಣಿಗೆ ಹೆಚ್ಚುಕಮ್ಮಿ ಹಾಗೇ ಕಾಣುತ್ತೆ. ಅದನ್ನ ಸ್ಪ್ಯಾನರ್ ಹಾಕಿ ಬಲವಂತ ಮಾಡಿದ್ರೆ ಥ್ರೆಡ್ ಹಾಳು. ನಿಯಮದ ಪರೀಕ್ಷೆಯಲ್ಲೋ, ಎದೆಯ ಪಟ್ಟಿಯೊಂದಕ್ಕೇ ಸುಮಾರು 1,350 ಕೆಜಿ ಎಳೆತ! ಅದಕ್ಕೇ ಸರಿಯಾದ ಬೋಲ್ಟನ್ನ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಟಾರ್ಕ್ ರೆಂಚಿನಲ್ಲಿ, ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ. ಒಮ್ಮೆ ಬಿಚ್ಚಿದ ಬೋಲ್ಟನ್ನ ಮತ್ತೆ ಹಾಕಬಹುದಾ, ಹೊಸದೇ ಬೇಕಾ ಅನ್ನೋದೂ ಅದರಲ್ಲೇ ಇರುತ್ತೆ.