ಡಿಸಿಆರ್ ಪ್ಯಾನೆಲ್ ಅಂದ್ರೇನು? ಸೋಲಾರ್ ಸಬ್ಸಿಡಿಗೂ ವಿಶ್ವ ವ್ಯಾಪಾರ ನಿಯಮಕ್ಕೂ ಏನು ಸಂಬಂಧ?

ಮನೆ ಮೇಲೆ ಸೋಲಾರ್ ಹಾಕಿಸೋಕೆ ವಿಚಾರಿಸಿದರೆ ಡೀಲರ್‌ಗಳು ಸಾಮಾನ್ಯವಾಗಿ ಎರಡು ರೇಟ್ ಹೇಳುತ್ತಾರೆ. ಒಂದು ಡಿಸಿಆರ್ ಪ್ಯಾನೆಲ್‌ದು, ಇನ್ನೊಂದು ನಾನ್-ಡಿಸಿಆರ್‌ದು. ಡಿಸಿಆರ್ ರೇಟ್ ಜಾಸ್ತಿ. ಆದರೆ ಕೇಂದ್ರದ ಸಬ್ಸಿಡಿ ಸಿಗೋದು ಅದಕ್ಕೆ ಮಾತ್ರ. ಇಂಥದ್ದೇ ಷರತ್ತಿನ ವಿಚಾರದಲ್ಲಿ ಭಾರತ ಒಮ್ಮೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಸ್ ಸೋತಿದೆ.

ಡಿಸಿಆರ್ ಅಂದರೆ ಏನು?

ಡೊಮೆಸ್ಟಿಕ್ ಕಂಟೆಂಟ್ ರಿಕ್ವೈರ್‌ಮೆಂಟ್, ಅಂದರೆ ದೇಶಿ ಮಾಲಿನ ಷರತ್ತು. ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಹೊರದೇಶದ ಸೆಲ್ ತರಿಸಿ ಇಲ್ಲಿ ಜೋಡಿಸಿದ ಪ್ಯಾನೆಲ್ ಡಿಸಿಆರ್ ಆಗಲ್ಲ.

ನಿಯಮ ಏನು ಹೇಳುತ್ತೆ?

ಸೋಲಾರ್‌ಗೆ ಸಬ್ಸಿಡಿ ಕೊಡೋದೇ ತಪ್ಪು ಅಂತ ನಿಯಮ ಹೇಳಲ್ಲ. ಸುಂಕ ಕಟ್ಟಿ ಒಳಗೆ ಬಂದ ವಿದೇಶಿ ಮಾಲನ್ನು ದೇಶಿ ಮಾಲಿಗಿಂತ ಕಡೆಯಾಗಿ ನೋಡಬಾರದು ಅನ್ನುತ್ತೆ. ದೇಶಿ ಮಾಲನ್ನೇ ಬಳಸಬೇಕು ಅಂತ ಕಟ್ಟುಹಾಕಿ ಕೊಡುವ ಸಬ್ಸಿಡಿಗೆ ನಿಷೇಧ ಇದೆ. ಸರ್ಕಾರ ತನ್ನ ಬಳಕೆಗೆ ಕೊಳ್ಳುವ ಮಾಲಿಗೆ ವಿನಾಯಿತಿ ಉಂಟು.

ಭಾರತ ಸೋತಿದ್ದು ಯಾಕೆ?

2010ರಲ್ಲಿ ಶುರುವಾದ ರಾಷ್ಟ್ರೀಯ ಸೋಲಾರ್ ಮಿಷನ್‌ನಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಂದ 25 ವರ್ಷದ ಒಪ್ಪಂದದ ಮೇಲೆ ಕರೆಂಟ್ ಕೊಳ್ಳುತ್ತಿತ್ತು. ಕೆಲವು ಘಟಕಗಳಿಗೆ ದೇಶಿ ಸೆಲ್, ಪ್ಯಾನೆಲ್ ಕಡ್ಡಾಯವಾಗಿತ್ತು. 2013ರಲ್ಲಿ ಅಮೆರಿಕ ದೂರು ಕೊಟ್ಟಿತು. ಇದು ಸರ್ಕಾರಿ ಖರೀದಿ, ವಿನಾಯಿತಿ ಇದೆ ಅಂತ ಭಾರತ ವಾದಿಸಿತು. ಸರ್ಕಾರ ಕೊಂಡಿದ್ದು ಕರೆಂಟ್, ಸೆಲ್ ಅಲ್ಲ ಅಂತ ತೀರ್ಪು ಬಂತು. 2016ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಅಮೆರಿಕವೂ ಅದನ್ನೇ ಮಾಡಿತ್ತು

ಅದೇ ತಿಂಗಳು ಭಾರತ ತಿರುಗಿ ದೂರು ಕೊಟ್ಟಿತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಸೇರಿ ಅಮೆರಿಕದ 8 ರಾಜ್ಯಗಳು ಸ್ಥಳೀಯ ಮಾಲಿಗೆ ಹೆಚ್ಚಿನ ಪ್ರೋತ್ಸಾಹಧನ ಕೊಡುತ್ತಿದ್ದವು. 2019ರ ಜೂನ್‌ನಲ್ಲಿ ತೀರ್ಪು ಭಾರತದ ಪರ ಬಂತು. ಅಮೆರಿಕ ಮೇಲ್ಮನವಿ ಹಾಕಿತು, ಆದರೆ ಆ ವರ್ಷದ ಡಿಸೆಂಬರ್‌ನಿಂದ ಮೇಲ್ಮನವಿ ಪೀಠವೇ ಕೆಲಸ ನಿಲ್ಲಿಸಿದೆ. ಕೊನೆಗೆ 2023ರ ಜೂನ್‌ನಲ್ಲಿ ಎರಡೂ ದೇಶ ಈ ಎರಡು ಕೇಸ್ ಸೇರಿ 6 ವ್ಯಾಜ್ಯಗಳನ್ನು ರಾಜಿಯಲ್ಲಿ ಮುಗಿಸಿಕೊಂಡವು.

ಈ ನಡುವೆ ಭಾರತ 2022ರ ಏಪ್ರಿಲ್ 1ರಿಂದ ಆಮದು ಪ್ಯಾನೆಲ್‌ಗೆ ಶೇ 40, ಸೆಲ್‌ಗೆ ಶೇ 25 ಸುಂಕ ಹಾಕಿತು. ಇಲ್ಲಿನ ಕಾರ್ಖಾನೆಗಳಿಗೆ ಆಸರೆ ಸಿಕ್ಕಿತು, ಗಿರಾಕಿಗೆ ರೇಟ್ ಏರಿತು.

ನಿಮ್ಮ ಜೇಬಿಗೆ ಸಂಬಂಧಿಸಿದ್ದು

* 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂ., 2ಕ್ಕೆ 60,000 ರೂ., 3 ಮತ್ತು ಮೇಲ್ಪಟ್ಟು 78,000 ರೂ. ಸಬ್ಸಿಡಿ.
* ಇದು ಮನೆ ಮೀಟರ್‌ಗೆ ಮಾತ್ರ. ಅಂಗಡಿ, ಹೋಟೆಲ್‌ಗಳ ಕಮರ್ಷಿಯಲ್ ಮೀಟರ್‌ಗೆ ಇಲ್ಲ. 'ಸಬ್ಸಿಡಿ ಬರುತ್ತೆ' ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.
* ಅಂಗಡಿಗೆ ನೆಟ್ ಮೀಟರ್ ಬೇಕಿದ್ದರೆ ಯಾವ ಪ್ಯಾನೆಲ್ ನಡೆಯುತ್ತೆ ಅಂತ ಎಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿ.
* ಮನೆಗೆ ಹಾಕಿಸುವವರು ಬಿಲ್‌ನಲ್ಲಿ 'ಡಿಸಿಆರ್' ಅಂತ ಬರೆಸಿ, ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಹಾಕಿಸಿ. ನಾನ್-ಡಿಸಿಆರ್ ಹಾಕಿಸಿಕೊಂಡರೆ 78,000 ರೂ.ವರೆಗಿನ ಸಬ್ಸಿಡಿ ಕೈತಪ್ಪುತ್ತೆ.